ಲ್ಯಾಬಿಗೆ ಹೋದ ಸೇಬಿನ ರಸ

ರೀ,

ಲ್ಯಾಬಿನಾಕೆ ನಿನ್ನೆ ಸಂಜೆ ಫೋನ್ ಮಾಡಿದ್ಳು. "ಅಕ್ಕಾ, ನಿಮ್ಮ ಯಜಮಾನ್ರ ಮೂತ್ರದಲ್ಲಿ ಒಂದು ಜೀವಕೋಶನೂ ಸಿಗಲಿಲ್ಲ. ಸೇಬಿನ ವಾಸನೆ ಮಾತ್ರ ಘಮ್ ಅಂತಿತ್ತು" ಅಂದ್ಳು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಮೂತ್ರಕೋಶದ ಗಡ್ಡೆ ತೆಗೆಸ್ಕೊಂಡ ಗಂಡಸು ಬಾಟಲಿಗೆ ಜ್ಯೂಸ್ ತುಂಬೋದಾ? ಗಡ್ಡೆ ಮತ್ತೆ ಬರುತ್ತಾ ಅಂತ ಡಾಕ್ಟರು ಆ ಜೀವಕೋಶ ನೋಡಿ ತಾನೇ ಅಂದಾಜು ಮಾಡೋದು? ಸೇಬಿನ ಭವಿಷ್ಯ ಕಟ್ಕೊಂಡು ನಮಗೇನಾಗ್ಬೇಕು!

ಹೊಸ ಬಾಟಲಿ ಸಿಂಕ್ ಪಕ್ಕ ಇಟ್ಟಿದ್ದೀನಿ. ಎದ್ದ ತಕ್ಷಣದ್ದು ಬೇಡವಂತೆ, ಎರಡನೇ ಸಲದ್ದು ಹಿಡೀರಿ. ನಿಮ್ಮದೇ ಹಿಡೀರಿ, ನಾಯಿದು ಬೇಡ. ಮುಚ್ಚಳ ಬಿಗಿಯಾಗಿ ಹಾಕಿ, ನೇರವಾಗಿ ಲ್ಯಾಬಿಗೆ ಕೊಟ್ಟು ಬನ್ನಿ. ಫ್ರಿಜ್ಜಲ್ಲಿ ಮಾತ್ರ ಇಡಬೇಡಿ. ಬಾಯಾರಿದಾಗ ನಿಮ್ಮಣ್ಣ ಏನನ್ನೂ ನೋಡಲ್ಲ.

ರಿಪೋರ್ಟ್ ಅಂದ್ರೆ ನಿಮಗೆ ಭಯ ಅಂತ ಗೊತ್ತು ಕಣ್ರೀ. ನನಗೂ ಅಷ್ಟೇ. ರಿಪೋರ್ಟ್ ಬರೋ ದಿನ ರಜ ಹಾಕ್ತೀನಿ, ಇಬ್ಬರೂ ಹೋಗೋಣ. ಡಾಕ್ಟರ ಎದುರು ನೀವು ಕಣ್ಣು, ಕಿವಿ ಎಲ್ಲಾ ಮುಚ್ಕೊಂಡು ಕೂತಿರಿ, ನಾನು ಕೇಳಿಸ್ಕೋತೀನಿ. ಒಳ್ಳೇ ಸುದ್ದಿಯಾದ್ರೆ ತಲೆಗೊಂದು ಮೊಟಕ್ತೀನಿ. ಅಲ್ಲದಿದ್ರೆ ಕೈ ಹಿಡ್ಕೋತೀನಿ.