ಮೂರನೆಯ ಕಂಬ

ನವಲಗುಂದ
17 ನವೆಂಬರ್ 2024

ಗೆಳತಿ ನಾಜಮೀನ್‌ಗೆ,

ಹೋದ ವಾರ ಫೋನಿನಲ್ಲಿ ನೀನು, "ಟೊಳ್ಳ ಅಂತ ಬರದಿದ್ದು ಯಾವ ಕಂಬಾ ಲೇ? ನಮ್ದಾ?" ಎಂದು ಕೇಳಿದೆ. ನೆನಪಿಲ್ಲ ಎಂದೆ. ಅದು ಸುಳ್ಳು. ಆ ಕಂಬ ನಮ್ಮದೇ.

ಜವಳಿ ಮಾಳಿಗೆಯನ್ನು ಉಳಿಸಬೇಕೋ ಕೆಡವಬೇಕೋ ಎಂದು ಅದರ ಮಾಲೀಕ ಏಕನಾಥರಾಯರಿಗೆ ತಿಳಿಯಲಿಲ್ಲ. ನಕಾಶೆ ಬರೆದು ಪ್ರತಿ ಕಂಬದ ಸ್ಥಿತಿ ಗುರುತಿಸಿ ಕೊಡಲು ಚಿತ್ರಕಲಾ ಶಿಕ್ಷಕಿಯಾದ ನನಗೆ ಹೇಳಿದರು. ನಾಲ್ಕು ಭಾನುವಾರ ಅಳೆದೆ. ಐದು ಅಂಕಣ, ಅಂಕಣಕ್ಕೊಂದು ಅಂಗಡಿ, ಮೇಲೆ ಬಜಾರಿನತ್ತ ಚಾಚಿದ ಕಟ್ಟಿಗೆಯ ಪಡಸಾಲೆ. ಮುಂದಿನ ಸಾಲಿನಲ್ಲಿ ಆರು ತೇಗದ ಕಂಬ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಐದರ ಮುಂದೆ 'ಗಟ್ಟಿ' ಎಂದು ಬರೆದೆ. ನಿಮ್ಮ ಬಳೆ ಅಂಗಡಿಯ ಪಕ್ಕದ ಮೂರನೆಯದರ ಮುಂದೆ 'ಟೊಳ್ಳು'.

ಟೊಳ್ಳಾಗಿದ್ದದ್ದು ನಿಜ. ಮೂರನೇ ಇಯತ್ತೆಯಿಂದ ನನಗೆ ಗೊತ್ತು. ನೀನು ಮಹಡಿಯಲ್ಲಿ ಆ ಕಂಬದ ಮೇಲಿನ ತೂತಿಗೆ ಬಾಯಿಟ್ಟು, "ಮೃಣಾ, ನಿಮ್ಮಪ್ಪಾರು ಬಂದ್ರು, ಓಡಲೇ!" ಎಂದರೆ ಅಂಗಡಿಯಲ್ಲಿ ಅದರ ಕೆಳಗಿನ ತೂತಿಗೆ ಕಿವಿಯಿಟ್ಟ ನನಗೆ ಕಿವಿಯೊಳಗೇ ಹೇಳಿದಂತೆ ಕೇಳುತ್ತಿತ್ತು. ಆಮೇಲೆ ಯಾರೋ ಎರಡಕ್ಕೂ ಮೇಣ ತುಂಬಿ ಬಣ್ಣ ಬಳಿದರು. ನಕಾಶೆಯಲ್ಲಿ ನಾನು ಅದನ್ನೂ ಗುರುತಿಸಲಿಲ್ಲ. ಕೇಳಿದ್ದು ಸ್ಥಿತಿ, ಕಾರಣವಲ್ಲ ಎಂದುಕೊಂಡೆ.

ರಾಯರು ಅದನ್ನು ಹುಳ ತಿಂದ ಕಂಬ ಎಂದು ಓದಿಕೊಂಡರು. ನಡುವಿನ ತೊಲೆ ಹೊತ್ತ ಕಂಬವೇ ಹೋದ ಮೇಲೆ ಉಳಿಸುವುದೇನು ಎಂದರು. ನಿನ್ನ ತಾಯಿ ಮೈಮುನಬಿ ಚಾಚಿ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಅವರು, "ಮೃಣಾಲಿನಿ ಬರದಾಳಂದ್ರ ಮುಗೀತು. ಆಕಿ ಒಂದ ಗೆರಿನೂ ಸೊಟ್ಟ ಹೊಡ್ಯಾಂಗಿಲ್ಲ" ಎಂದು ಬಳೆಯ ಮಲಾರಗಳನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಸಂಶಿಯ ನಿನ್ನ ಮನೆಗೆ ಹೊರಟರು.

ಜೆಸಿಬಿಗೆ ಆ ಕಂಬವೇ ಕೊನೆಗೆ ಬಗ್ಗಿತು. ಸೀಳಿದಾಗ ಒಳಗೆ ಉದ್ದಕ್ಕೂ ಹಿತ್ತಾಳೆಯ ಕೊಳವೆ. ಹಿಂದಿನ ಜವಳಿ ವ್ಯಾಪಾರಿ ಮೇಲೆ ಗಾದಿಯಲ್ಲಿ ಕುಳಿತು ಅದರಲ್ಲೇ ಕೆಳಗಿನವರಿಗೆ ಹೇಳಿ ಬಟ್ಟೆಯ ಥಾನು ತರಿಸುತ್ತಿದ್ದನೇನೋ. ಸುತ್ತಲಿನ ತೇಗದಲ್ಲಿ ಒಂದೇ ಒಂದು ಹುಳದ ಗುರುತಿರಲಿಲ್ಲ.

ಚಾಚಿಗೆ ಇದನ್ನು ಓದಿ ಹೇಳು. ಅವರು ಬಯ್ದರೆ ಬಯ್ದ ಹಾಗೆಯೇ ನನಗೆ ಬರೆ.

ನಿನ್ನ,
ಮೃಣಾಲಿನಿ

ತಾ.ಕ.: ಕೆಡವುವ ಹಿಂದಿನ ದಿನ ರಾಯರು ಶಾಲೆಗೇ ಬಂದು, "ಬಾಯಾರ, ಟೊಳ್ಳ ಅಂದ್ರ ಹುಳಾ ಹತ್ತೇದೇನ್ರಿ?" ಎಂದು ಕೇಳಿದ್ದರು. ಶಿಕ್ಷಕರೆಲ್ಲ ಅಲ್ಲೇ ಕುಳಿತಿದ್ದರು. ಚಿಕ್ಕಂದಿನಲ್ಲಿ ಅದರೊಳಗೆ ಮಾತಾಡುತ್ತಿದ್ದೆವು ಎಂದು ಅವರ ಮುಂದೆ ಹೇಳಲು ನಾಚಿಕೆಯಾಯಿತು. "ಬರದದ್ದು ಬರೋಬ್ಬರಿ ಅದರಿ" ಎಂದೆ.