ಅತ್ತೆ ಒಬ್ಬರೇ ಬಸ್ಸು ಹತ್ತಿದ ದಿನ

ಮನೆಯಿಂದ,
ಗುರುವಾರ, ಸಂಜೆ ನಾಲ್ಕೂವರೆ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ವಾಸಿಯಾಯಿತೇ? ಪಾಳಿ ಮುಗಿದ ಮೇಲೆ ಇಸ್ಪೀಟಿಗೆ ಕೂರದೆ ನಿದ್ದೆ ಮಾಡಿ. ನಾನು ಚೆನ್ನಾಗಿದ್ದೇನೆ. ಅತ್ತೆಯವರೂ ಚೆನ್ನಾಗಿದ್ದಾರೆ ಎಂದು ಬರೆಯಹೊರಟು ಕೈ ತಡೆಯಿತು. ಬೆಳಿಗ್ಗೆ ಚೆನ್ನಾಗಿಯೇ ಇದ್ದರು. ಈಗ ಎಲ್ಲಿದ್ದಾರೋ ಗೊತ್ತಿಲ್ಲ. ನೀವು ಗಾಬರಿಯಾಗಬೇಡಿ, ಈ ಕಾಗದ ಮುಂದಿನ ಬಂದರಿನಲ್ಲಿ ನಿಮ್ಮ ಕೈ ಸೇರುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತದೆ. ಗಾಬರಿಪಡುವುದಕ್ಕೆ ಇಲ್ಲಿ ನಾನೊಬ್ಬಳು ಸಾಕು.

ನೀವು ಹಡಗು ಹತ್ತಿದ ಮೇಲೆ ಅವರ ಮಂಡಿನೋವು ಹೆಚ್ಚಾಗಿತ್ತು. ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಿದ್ದರು. ಡಾಕ್ಟರು ಎಕ್ಸ್‌ರೇ ನೋಡಿ, ಆಪರೇಷನ್ ಮಾತು ಆಮೇಲೆ, ಮೊದಲು ವ್ಯಾಯಾಮ ಎಂದು ಆಸ್ಪತ್ರೆಯ ಫಿಸಿಯೋ ಹತ್ತಿರ ಕಳಿಸಿದರು. ಸವೆದ ಮಂಡಿಯನ್ನು ಇನ್ನಷ್ಟು ಸವೆಸುವುದೇ ಎಂದು ನಾನು ಜಗಳಕ್ಕೇ ನಿಂತೆ. ಆ ಫಿಸಿಯೋ ಹುಡುಗಿ ಬೇಸರಪಡಲಿಲ್ಲ. "ಸುಮ್ನೆ ಕೂತ್ರೆ ತೊಡೆಯಲ್ಲಿ ಬಲ ಹೋಗತ್ತೆ, ಭಾರವೆಲ್ಲ ಮಂಡಿ ಮೇಲೇ ಬೀಳತ್ತೆ. ಮಾಡುವಾಗ ಸ್ವಲ್ಪ ನೋವಾದ್ರೆ ಹೆದರಬೇಡಿ. ಮಾರನೇ ದಿನವೂ ಜಾಸ್ತಿಯೇ ಇದ್ರೆ ಕಡಿಮೆ ಮಾಡೋಣ, ಬಿಡೋದು ಮಾತ್ರ ಬೇಡ" ಎಂದಳು. ನಿಮ್ಮ ಅಮ್ಮನಿಗೆ ಅಷ್ಟೇ ಬೇಕಿತ್ತು! ಊರ ಮಕ್ಕಳಿಂದ ಸೀಟಿ ಟೀಚರ್ ಎನ್ನಿಸಿಕೊಂಡು ಇಡೀ ಶಾಲೆಗೆ ಡ್ರಿಲ್ ಮಾಡಿಸಿದವರು ಈಗ ತಮಗೆ ತಾವೇ "ಒಂದ್, ಎರಡ್" ಎಂದು ಗದರಿಕೊಳ್ಳುತ್ತ ಕುರ್ಚಿಯಲ್ಲಿ ಕೂತು ಕಾಲು ಚಾಚುವುದು, ಕೈ ಊರದೆ ಏಳುವುದು, ಮತ್ತೆ ಕೂರುವುದು. ಪ್ರತಿ ಸಲವೂ ನೋವಿಗೆ ಮುಖ ಕಿವುಚುತ್ತಿದ್ದರು. ನನಗೋ ಅಡುಗೆಮನೆಯಲ್ಲಿ ಕೈಕಾಲು ಆಡುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಹೋಗಿ ಕುರ್ಚಿಯನ್ನೇ ಎತ್ತಿಟ್ಟುಬಿಟ್ಟೆ. "ಕಾಲು ನಂದು ಕಣೇ, ಭಯ ನಿಂದು. ಎರಡನ್ನೂ ಯಾಕೆ ಗಂಟು ಹಾಕ್ತೀಯ?" ಎಂದವರು ಎರಡು ದಿನ ಮಾತು ಬಿಟ್ಟರು. ಕಾಫಿಯನ್ನೂ ಗೋಡೆಗೆ ಮುಖ ಮಾಡಿ ಕುಡಿದರು. ಆದರೆ ನಿಜ ಹೇಳಬೇಕು. ಈಚೆಗೆ ಅವರು ಏಳುವಾಗ "ಅಯ್ಯಮ್ಮಾ" ಎನ್ನುವುದು ಕೇಳಿಸುತ್ತಿಲ್ಲ. ನೋವು ಪೂರ್ತಿ ಹೋಗಿಲ್ಲ, ತಣ್ಣನೆಯ ಬೆಳಗಿನಲ್ಲಿ ಇದ್ದೇ ಇದೆ. ಆದರೂ ಗೋಡೆ ಹಿಡಿಯುವುದು ಬಿಟ್ಟಿದ್ದಾರೆ.

ಪ್ರತಿ ಸಲ ನಾನೇ ಆಟೋದಲ್ಲಿ ಕರೆದೊಯ್ಯುತ್ತಿದ್ದೆ. ಇವತ್ತೂ ಲಾಂಡ್ರಿ ಕೆಲಸಕ್ಕೆ ರಜೆ ಹಾಕಿದ್ದೆ, ಆದರೂ "ನೀನು ಬರಬೇಡ, ಬಸ್ಸಲ್ಲಿ ನಾನೊಬ್ಬಳೇ ಹೋಗ್ತೀನಿ" ಎಂದು ಹಟ ಹಿಡಿದರು. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಎಂದು ನಿಮಗೂ ಗೊತ್ತು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಕಂಬಿ ಹಿಡಿದು, ಒಂದು ಕ್ಷಣ ತಡೆದು, ಹತ್ತಿಯೇಬಿಟ್ಟರು. ಒಂದು ಗಂಟೆಗೆ ಬರಬೇಕಾದವರು. ಫೋನ್ ಮಾಡಿದರೆ ಅದು ಅವರ ದಿಂಬಿನ ಕೆಳಗೇ ಬಡಿದುಕೊಂಡಿತು. ಆಸ್ಪತ್ರೆಗೆ ಕೇಳಿದೆ, ಮಧ್ಯಾಹ್ನವೇ ಹೊರಟರು ಎಂದರು. ವಾಪಸ್ ಬಸ್ಸು ನಿಲ್ಲುವ ಆಚೆ ಬೀದಿಯ ನಿಲ್ದಾಣಕ್ಕೆ ಓಡಿದೆ, ಬಂದೆ, ಮತ್ತೆ ಓಡಿದೆ. ಹಣ್ಣಿನಂಗಡಿಯವನು "ಅಜ್ಜಿ ಇನ್ನೂ ಇಳಿದಿಲ್ಲಮ್ಮ" ಎಂದು ನಾನು ಕೇಳುವ ಮೊದಲೇ ಕೂಗುತ್ತಾನೆ. ಎಲ್ಲಿ ಜಾರಿದರೋ, ಯಾರು ಎತ್ತಿದರೋ, ಆ ಮೆಟ್ಟಿಲೇ ಕಣ್ಣಿಗೆ ಕಟ್ಟುತ್ತಿದೆ. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆಂದು ನಿಮಗೆ ಬರೆಯಲು ಕೂತೆ.

ಕತ್ತಲಾಗುವ ಮುಂಚೆ ಇನ್ನೊಮ್ಮೆ ಹೋಗಿ ನೋಡುತ್ತೇನೆ. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮವಳು

ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ: ಅತ್ತೆ ಬಂದರು ರೀ! ತಮ್ಮ ಕಾಲ ಮೇಲೇ ಬಂದರು. ಬಯ್ಯಲು ಬಾಯಿ ತೆರೆದವಳು ಅತ್ತುಬಿಟ್ಟೆ. ಆಸ್ಪತ್ರೆಯಿಂದ ನೇರ ನಮ್ಮ ಲಾಂಡ್ರಿಗೆ ಹೋಗಿ, ಮಾಲೀಕರು ಬರುವ ತನಕ ಅಲ್ಲೇ ಕಾದು, ನನಗೆ ಪ್ರತಿ ಗುರುವಾರ ಬೆಳಿಗ್ಗೆ ಬಿಡುವು ಕೇಳಿ ಒಪ್ಪಿಸಿಕೊಂಡು ಬಂದಿದ್ದಾರೆ. ಫಿಸಿಯೋ ಹತ್ತಿರ ನನ್ನ ಹೆಸರೂ ಬರೆಸಿದ್ದಾರೆ. ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ನನ್ನ ಬಲಮಂಡಿ ಬಹಳ ದಿನದಿಂದ ಊದುತ್ತಿದೆ. ನೀವು ದೂರ ಇದ್ದೀರಿ, ಅವರಿಗೆ ಹೀಗಾಗಿದೆ, ನಾನೂ ಮಲಗಿದರೆ ಗತಿಯೇನು ಎಂದು ಯಾರಿಗೂ ಹೇಳಿರಲಿಲ್ಲ. "ಸಾವಿರ ಮಕ್ಕಳ ನಡಿಗೆ ತಿದ್ದಿದವಳಿಗೆ ಸೊಸೆ ಕುಂಟೋದು ಕಾಣಲ್ವಾ?" ಎಂದರು. ಮುಂದಿನ ಗುರುವಾರ ಇಬ್ಬರೂ ಬಸ್ಸಿನಲ್ಲೇ ಹೋಗುತ್ತೇವೆ. ನನಗೆ ತುಂಬಾ ಹೆದರಿಕೆ ರೀ.