ಕೂಲಿಗೂ ನಗದವರು

ರಾಯಚೂರು
ಫೆಬ್ರವರಿ ೩೦, ೨೧೯೧

ಟಿವಿಗೆ ಹಾಸ್ಯ ಬರೆಯುವವರೇ, ಹಾಸ್ಯ ಧಾರಾವಾಹಿ ತೆಗೆಯುವವರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೂಲಿಯವರ ಸಂಘ ಹಟ ಹಿಡಿದು ಎಲ್ಲ ತಿಂಗಳನ್ನೂ ಸಮ ಮಾಡಿಸಿತು. ವರ್ಷದಲ್ಲಿ ಉಳಿದ ಐದು ದಿನ ಊರಿಗೆಲ್ಲ ರಜೆ. ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ಒರಟಾಗಬಹುದು, ಅದಕ್ಕೆ ಕ್ಷಮೆಯಿರಲಿ. ಹೇಳಲಿರುವ ವಿಷಯಕ್ಕೆ ಮಾತ್ರ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಇಲ್ಲಿ ಟಿವಿ ಎಂಬ ಪೆಟ್ಟಿಗೆಯಿಲ್ಲ. ಮನೆಯ ಗೋಡೆಯ ಮೇಲೇ ಕಥೆ ಆಡುತ್ತದೆ, ಗೋಡೆಯಾಟ ಎನ್ನುತ್ತೇವೆ. ಸಂಜೆ ನೀರು ಹಿಡಿಯುವ ಸರದಿ ಮುಗಿಸಿ, ರೊಟ್ಟಿಯ ತಟ್ಟೆ ಹಿಡಿದು ಜನ ಅದರ ಮುಂದೆ ಕೂರುತ್ತಾರೆ. ಎಲ್ಲಿ ನಗಬೇಕೆಂದು ಅವರಿಗೆ ತಿಳಿಯಲಿ ಎಂದು ಪ್ರತಿ ಕಂತಿಗೂ ಮೊದಲೇ ನಗು ಅಂಟಿಸುತ್ತಾರೆ. ಆ ನಗು ನಗೆಯಾಳುಗಳದ್ದು: ಕೇರಿಗಳಿಂದ ದಿನಗೂಲಿಗೆ ಬಂದು, ಕತ್ತಲ ಕೋಣೆಯಲ್ಲಿ ಕಂತು ನೋಡುತ್ತ, ಕೆಂಪು ದೀಪ ಹತ್ತಿದಾಗ ಧ್ವನಿಮುದ್ರಣಕ್ಕೆ ನಗಬೇಕಾದ ಹೆಂಗಸರು.

ನಾನು ಈ ಕಸುಬಿಗೆ ಬಂದಾಗ ಕೊಟ್ಟಿದ್ದು ಒಂದೇ ಕೆಲಸ, ಮನೆಗೆಲಸದವಳ ಮಾತು ಬರೆಯುವುದು. "ನಿಮ್ ಕಡೆ ಭಾಷೆನೇ ಕಾಮಿಡಿ ಮೇಡಂ, ಜೋಕೇ ಬೇಕಾಗಲ್ಲ" ಎಂದ ವಾಹಿನಿಯ ಮುಖ್ಯಸ್ಥ ಅನಂತಶಯನ. ನಮ್ಮವ್ವನ ಭಾಷೆ ಅವನಿಗೆ ಕಾಮಿಡಿ! ಎದ್ದು ಬಂದೆ. ಬೀದಿನಾಟಕ ಬರೆದೆ, ಮೆರವಣಿಗೆಗೆ ಅಣಕು ಬರೆದೆ. ಜನ ಮುಗಿಬಿದ್ದರು. ಜನ ಸೇರಿದ ಕಡೆ ಅನಂತಶಯನ ಬಾರದಿರುತ್ತಾನೆಯೇ? ನನ್ನನ್ನೇ ನಿರ್ಮಾಪಕಿ ಮಾಡಿದ. 'ಧಣಿ ಅಡುಗೆ' ಎಂಬ ಗೋಡೆಯಾಟ ಶುರುವಾಯಿತು. ಅದರಲ್ಲಿ ಪೇಚಿಗೆ ಸಿಕ್ಕುವವನು ಯಾವಾಗಲೂ ಧಣಿಯೇ.

ಹೋದ ವಾರ ನನಗೆ ಹೇಳದೆ ಒಂದು ದೃಶ್ಯ ತುರುಕಿದರು. ಕೆಲಸದ ನಿಂಗವ್ವ ಒದ್ದೆ ನೆಲದಲ್ಲಿ ಜಾರಿ ಬೀಳುತ್ತಾಳೆ. ಕೆಂಪು ದೀಪ ಹತ್ತಿತು. ಒಬ್ಬಳೂ ನಗಲಿಲ್ಲ. "ನಗ್ರಮ್ಮಾ!" ಎಂದು ಮೇಸ್ತ್ರಿ ಕೂಗಿದ. ನಗೆಯಾಳು ಯಂಕಮ್ಮ ಎದ್ದು ನಿಂತಳು. "ಬಿದ್ದಾಕಿನ್ನ ಎಬ್ಬಸಾದು ಬಿಟ್ಟು ನಗಬೇಕಾ? ನಿಮ್ಮವ್ವ ಬಿದ್ರ ನಗ್ತೀಯೇನಪ್ಪಾ?"

ಮುಂದಿನ ದೃಶ್ಯದಲ್ಲಿ ಧಣಿ ತನ್ನದೇ ಅಡುಗೆಮನೆಯಲ್ಲಿ ಉಪ್ಪಿಗೆ ತಡಕಾಡಿ, ಸಾರಿಗೆ ಸೋಪಿನ ಪುಡಿ ಸುರಿದ. ದೀಪ ಹತ್ತಿರಲೇ ಇಲ್ಲ, ಹೆಂಗಸರು ಬಿದ್ದು ಬಿದ್ದು ನಕ್ಕರು. "ಉಪ್ಪು ಎಲ್ಲೈತಂತ ಗೊತ್ತಿಲ್ಲ, ಮನಿ ಮಾತ್ರ ಇವಂದಂತ!" ಎಂದಳು ಯಂಕಮ್ಮ.

ಅನಂತಶಯನ ಕೆಂಡವಾದ. ನಿಂಗವ್ವ ಬಿದ್ದಲ್ಲಿ ಹಳೆಯ ಕಂತಿನ ನಗು ಅಂಟಿಸಬೇಕು, ಇಲ್ಲವಾದರೆ 'ಧಣಿ ಅಡುಗೆ' ಬಂದ್, ನನ್ನ ಪರವಾನಗಿ ರದ್ದು ಎಂದ. ರದ್ದಾದರೆ ಇನ್ನು ಯಾವ ಗೋಡೆಯ ಮೇಲೂ ನನ್ನ ಆಟ ನಡೆಯದು.

ಆ ದೃಶ್ಯವನ್ನು ನಾನೇ ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ನಿಂಗವ್ವ ಬೀಳಲಿ, ಮೌನ ಇರಲಿ, ಆ ಮೌನದ ನಡುವೆ ಯಂಕಮ್ಮ ಕೇಳಿದ ಪ್ರಶ್ನೆಯೂ ಇರಲಿ. ಗೋಡೆಯ ಮುಂದೆ ಕೂತು ರೊಟ್ಟಿ ಮುರಿಯುವ ಪ್ರತಿಯೊಬ್ಬನೂ ಉತ್ತರ ಕೊಡಲಿ.

ನಾಳೆ ನಿಮ್ಮ ವಾಹಿನಿಯವರು ನಿಮ್ಮನ್ನೂ ಕರೆಸುತ್ತಾರೆ, ಸ್ವಾಮಿ. ಕೆಲಸದವಳನ್ನು ಒಂದು ಸಲ ಬೀಳಿಸಿ, ಟಿಆರ್‌ಪಿ ಏರುತ್ತದೆ ಎನ್ನುತ್ತಾರೆ. ಬರೆಯಬೇಡಿ. ನೀವು ನಿಮ್ಮ ಕಾಲದಲ್ಲಿ ಬರೆದದ್ದನ್ನೇ ಇಲ್ಲಿಯವರು ಇಂದಿಗೂ ನನಗೆ ಮಾದರಿ ಎಂದು ತೋರಿಸುತ್ತಿದ್ದಾರೆ.

ಪ್ರಸಾರದ ಗುಂಡಿ ಒತ್ತಿದ್ದೇನೆ. ಕಂತು ಹೊರಟಿದೆ. ಅನಂತಶಯನ ಬಾಗಿಲು ಬಡಿಯುತ್ತಿದ್ದಾನೆ, ಬಡಿಯಲಿ. ಹೊರಟದ್ದನ್ನು ಇನ್ನು ಅವನಪ್ಪ ಬಂದರೂ ತಡೆಯಲಾರ.

ಹುಲಿಗೆಮ್ಮ